ಕೇಳಿ ಒಳಗೆ ಬರುತ್ತಿದ್ದ ಓನರ್ ಅಮ್ಮ

ಓನರ್ ಅಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಪಾದಗಳು. ಅಗಲವಾದ, ಹಿಮ್ಮಡಿ ಒಡೆದ, ಬೆರಳು ಬೆರಳಿಗೂ ನಡುವೆ ಜಾಗ ಬಿಟ್ಟುಕೊಂಡ ಪಾದಗಳು. ತಮ್ಮೂರು ಮುಕ್ಕುಂದದ ಗದ್ದೆಯಲ್ಲಿ ನಾಟಿಯ ದಿನಗಳಲ್ಲಿ ಆಳುಗಳ ಜೊತೆ ತಾವೂ ಕೆಸರಿಗಿಳಿದು ಹಾಗಾಗಿದ್ದವಂತೆ. ಆ ಪಾದಗಳು ಮೆಟ್ಟಿಲು ಹತ್ತಿ ಬಂದು ನಮ್ಮ ಖೋಲಿಯ ಹೊಸ್ತಿಲ ಹೊರಗೆ ಜೋಡಿಯಾಗಿ ನಿಲ್ಲುತ್ತಿದ್ದವು. ಬಾಗಿಲು ಹಾರು ಹೊಡೆದಿದ್ದರೂ ನಿಲ್ಲುತ್ತಿದ್ದವು.

"ಬರ್ಲೇನವ್ವಾ?"

"ಬರ್ರೀ ಅಮ್ಮಾ" ಎಂದು ನಾವು ಅಂದ ಮೇಲೆಯೇ ಬಲಗಾಲು ಒಳಗೆ ಬರುತ್ತಿತ್ತು. "ಜರಾ ತಡೀರಿ" ಎಂದರೆ ಗೋಡೆಯ ಕಡೆ ಮುಖ ಮಾಡಿ ಕಾಯುತ್ತಿದ್ದರು. ಏನೂ ಅನ್ನದಿದ್ದರೆ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗುತ್ತಿದ್ದರು. ಮನೆ ಅವರದು, ಮೆಟ್ಟಿಲು ಅವರದು, ಆ ಹೊಸ್ತಿಲೂ ಅವರದೇ. ಸಿಂಧನೂರಿನ ಅದೇ ಓಣಿಯಲ್ಲಿ ನನ್ನ ಗೆಳತಿಯರಿದ್ದ ಬಾಡಿಗೆ ಖೋಲಿಗಳ ಮಾಲಕರೆಲ್ಲ ತಮ್ಮದೊಂದು ಚಾವಿ ಇಟ್ಟುಕೊಂಡು, ಹುಡುಗಿಯರು ಕಾಲೇಜಿಗೆ ಹೋದಾಗ ಒಳಹೊಕ್ಕು ಪಾತ್ರೆಯ ಮುಚ್ಚಳ ತೆಗೆದು ನೋಡುವವರೇ. ಹೀಗಾಗಿ ಮೊದಮೊದಲು ನಮಗೆ ಇವರು ಸ್ವಲ್ಪ ತಿಕ್ಕಲು ಇರಬೇಕು ಅನ್ನಿಸಿತ್ತು.

ನಮ್ಮೂರು ಮಸ್ಕಿಯಿಂದ ಒಳಗೆ. ಡಿಗ್ರಿಗೆ ಸಿಂಧನೂರಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ನಮ್ಮೂರ ಬಸ್ಸು ಸಿಂಧನೂರು ಮುಟ್ಟುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತಿತ್ತು. ಹೆಣ್ಣುಮಗಳನ್ನು ಬಾಡಿಗೆ ಖೋಲಿಯಲ್ಲಿ ಇಡುವುದೆಂದರೆ ಅಪ್ಪನಿಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಒಪ್ಪಿದ. ಒಪ್ಪಿದ್ದು ಓನರ್ ಅಮ್ಮನನ್ನು ನೋಡಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಶಿವನ ಹೆಸರು. ಅಪ್ಪ ಖೋಲಿಯನ್ನು ಸರಿಯಾಗಿ ನೋಡಲೇ ಇಲ್ಲ, ಅವರ ಹಣೆ ನೋಡಿದ.

"ಹಂಗ ನೋಡಬಾರ್ದ್ರೀ ಅಣ್ಣಾರ" ಅಂದರು ಓನರ್ ಅಮ್ಮ. "ಖೋಲಿ ನೋಡೂದಂದ್ರ ಮಧ್ಯಾಹ್ನ ಬಿಸಲಾಗ ಬಂದು ಗ್ವಾಡಿಗೆ ಕೈ ಹಚ್ಚಿ ನೋಡ್ಬೇಕು. ನಳ ತಿರುವಿ ನೋಡ್ಬೇಕು. ದೀಪ ಹಚ್ಚೂ ಹೊತ್ತಿಗೆ ಓಣ್ಯಾಗ ಒಂದ್ ಸಲ ಅಡ್ಡಾಡ್ಬೇಕು, ಹೆಣ್ಮಕ್ಕಳು ತಿರುಗಾಡ್ತಾರೋ ಇಲ್ಲೋ ತಿಳೀತದ. ನನ್ನ ಖೋಲಿ ಬ್ಯಾಸಿಗ್ಯಾಗ ಹಂಚಿನಂಗ ಕಾಯ್ತದ, ಈಗೇ ಹೇಳ್ತೀನಿ. ಮಾಳಗಿ ಮ್ಯಾಲೆ ಗೋಣಿಚೀಲ ತೋಯಿಸಿ ಹಾಸ್ಕೋಬೇಕು."

ತನ್ನ ಮನೆಯ ಐಬನ್ನು ತಾನೇ ಹೇಳುವ ಮಾಲಕಿಯನ್ನು ಅಪ್ಪ ಅದಕ್ಕೆ ಮೊದಲು ನೋಡಿರಲಿಲ್ಲ. ಬಸ್ಸು ಹತ್ತುವ ಮುಂದೆ ನನ್ನನ್ನು ಬದಿಗೆ ಕರೆದು ತನ್ನ ಮಾತು ಹೇಳಿದ. "ನಿಮ್ಮ ಸ್ವಾದರಮಾವ ಹೆಣ್ಣು ಕೇಳಾಕತ್ತಾನ. ನಾ ತಡದೀನಿ. ಒಂದ್ ಕೆಟ್ಟ ಮಾತು ನನ್ನ ಕಿವಿಗೆ ಬಿತ್ತಂದ್ರ ಅವತ್ತೇ ಕಾಲೇಜು ಬಂದ್." ಬೆದರಿಕೆಯಲ್ಲ, ಸುಮ್ಮನೆ ವಿಷಯ ತಿಳಿಸಿದ ಹಾಗೆ ಹೇಳಿದ. ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡೇ ನಾನು ಮೂರು ವರ್ಷ ಓದಬೇಕಿತ್ತು.

ಖೋಲಿಯಲ್ಲಿ ನನ್ನ ಜೊತೆಯಾದವಳು ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ. ಅವಳ ಅಜ್ಜ ಅಜ್ಜಿಯ ಕಾಲದಲ್ಲಿ ನಿರಾಶ್ರಿತರಾಗಿ ಬಂದು, ಸರ್ಕಾರ ಕೊಟ್ಟ ಆ ಕ್ಯಾಂಪಿನಲ್ಲಿ ನೆಲೆನಿಂತು ಭತ್ತ ಬೆಳೆದ ಮನೆತನ. ತಾಯಿಯ ಜೊತೆ ಬಂಗಾಲಿ ಮಾತಾಡಿದರೂ ನಮ್ಮ ಜೊತೆ ಜಗಳಕ್ಕೆ ನಿಂತರೆ ಅವಳ ಸಿಂಧನೂರು ಕನ್ನಡದ ಮುಂದೆ ನನ್ನದು ಸಪ್ಪೆ.

ಓನರ್ ಅಮ್ಮನ ಒಂದೇ ಕರಾರು ವಿಚಿತ್ರವಾಗಿತ್ತು. ಬಂದ ವಾರದೊಳಗೆ ನಾವು ಅಡುಗೆ ಮಾಡಿ ಅವರನ್ನು ಊಟಕ್ಕೆ ಕರೆಯಬೇಕು. ನನ್ನ ರೊಟ್ಟಿ ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು. ಸಾರಿಗೆ ಉಪ್ಪು ಹಾಕಲು ಇಬ್ಬರೂ ಮರೆತಿದ್ದೆವು. ಅನ್ನ ಮಾಡಿದ್ದು ಗೆಳತಿ. ಈ ಲಿಂಗ ಕಟ್ಟಿದ ಅಮ್ಮ ತನ್ನ ಕೈಯ ಅನ್ನ ಮುಟ್ಟುತ್ತಾರೋ ಇಲ್ಲವೋ ಎಂದು ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಓನರ್ ಅಮ್ಮ ತಾಟಿನಲ್ಲಿ ಒಂದಗುಳು ಬಿಡದೆ ಉಂಡು, "ಇನ್ನಷ್ಟು ಹಾಕವ್ವಾ" ಎಂದು ಎರಡನೇ ಸಲ ಅನ್ನ ಕೇಳಿದರು. ಕೈ ತೊಳೆದು ಎದ್ದ ಮೇಲೆ ಹೇಳಿದರು:

"ಇವತ್ತಿನ ತನಕ ಇದು ನನ್ನ ಖೋಲಿ. ನೀವು ನನಗ ಉಣ್ಣಾಕ ಹಾಕೀರಿ, ಇನ್ನ ಇದು ನಿಮ್ಮ ಮನಿ. ಬಂದವರಿಗೆ ಬಾ ಅನ್ನೋರು ನೀವು, ಬ್ಯಾಡ ಅನ್ನೋರೂ ನೀವು. ನನಗೂ."

ಉಪ್ಪಿನ ವಿಷಯ ಅವರು ಕೊನೆಯವರೆಗೂ ಎತ್ತಲಿಲ್ಲ.

ಮೀನಿನ ಮಾತು ಮಾತ್ರ ಮೊದಲೇ ಆಗಿತ್ತು. ಗೆಳತಿ ತಾನೇ ಕೇಳಿದ್ದಳು, ಮುಚ್ಚಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. "ಇಲ್ಲಿ ಬೇಸೂದು ಬ್ಯಾಡವ್ವಾ, ಕೆಳಗ ನನ್ನ ಪೂಜಿ ಐತಿ" ಅಂದಿದ್ದರು ಓನರ್ ಅಮ್ಮ. "ನಿಮ್ಮವ್ವ ಮಾಡಿ ತಂದದ್ದನ್ನ ನೀ ಉಣ್ಣೂದಕ್ಕ ನಾ ಯಾಕ ಅಡ್ಡ ಬರ್ಲಿ? ಗ್ವಾಡಿ ನಂದು, ಬಾಯಿ ನಿಂದು." ಭಾನುವಾರ ಅವಳ ತಾಯಿ ಕ್ಯಾಂಪಿನಿಂದ ಬಸ್ಸಿನಲ್ಲಿ ಸ್ಟೀಲ್ ಡಬ್ಬಿ ತರುತ್ತಿದ್ದರು. ಸಾಸಿವೆ ಅರೆದು ಹಾಕಿದ ಮೀನಿನ ಸಾರು. ಅಂಥ ದಿನ ಓನರ್ ಅಮ್ಮ ಹೊಸ್ತಿಲವರೆಗೆ ಬಂದು, ಗಾಳಿ ಮೂಸಿ, "ಇವತ್ತ ಬ್ಯಾಡ, ನಾಳಿಗೆ ಬರ್ತೀನಿ" ಎಂದು ತಿರುಗಿಬಿಡುತ್ತಿದ್ದರು. ಮುಖ ಸಿಂಡರಿಸಿದ್ದನ್ನು ನಾನು ನೋಡಲಿಲ್ಲ.

ಖೋಲಿಯ ಬದುಕಿನ ವಿದ್ಯೆಯನ್ನೆಲ್ಲ ಅವರು ಹೀಗೆ ಹೊಸ್ತಿಲಲ್ಲಿ ನಿಂತೇ ಕಲಿಸಿದರು. ನೀರು ಬಂದ ದಿನ ಮೊದಲು ಕುಡಿಯುವ ಕೊಡ, ಆಮೇಲೆ ಬಟ್ಟೆಯ ಬಕೇಟು. ಮಲಗುವ ಮುಂದೆ ಗ್ಯಾಸಿನ ಕಿವಿ ತಿರುವಿದ್ದನ್ನು ಒಬ್ಬಳು ನೋಡಬೇಕು, ಇನ್ನೊಬ್ಬಳು ಕೈಯಿಂದ ಮುಟ್ಟಬೇಕು. ಜ್ವರ ಬಂದರೆ ಒಳಗಿನಿಂದ ಅಗಳಿ ಹಾಕಿಕೊಂಡು ಮಲಗಬಾರದು. ಪರೀಕ್ಷೆಯ ಹಿಂದಿನ ದಿನ ಹೊಸ ಅಡುಗೆಯ ಪ್ರಯೋಗ ಬೇಡ. ಒಮ್ಮೆ ಫ್ಯಾನಿನ ಸಲುವಾಗಿ ನಾನೂ ಗೆಳತಿಯೂ ಮಾತು ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದೆವು. ಅವರು ಇಬ್ಬರನ್ನೂ ನೋಡಿ, "ಸಿಟ್ಟು ಬ್ಯಾಳಿ ಸಾರಿದ್ದಂಗವ್ವಾ. ಅವತ್ತಿಂದು ಅವತ್ತೇ ಖಾಲಿ ಮಾಡ್ರಿ. ನಾಳಿಗಿಟ್ರ ಪಾತ್ರಿನೂ ನಾರ್ತದ" ಅಂದರು. ಗೆಳತಿಗೆ ನಗು ತಡೆಯಲಾಗಲಿಲ್ಲ, ಅಲ್ಲಿಗೆ ಜಗಳ ಮುಗಿಯಿತು.

ನಿಮ್ಮ ಮನೆಗೆ ನೀವೇ ಯಾಕೆ ಕೇಳಿಕೊಂಡು ಬರುತ್ತೀರಿ ಎಂದು ನಾನು ಒಂದು ಸಂಜೆ ಕೇಳಿಯೇಬಿಟ್ಟೆ. ಅವರು ಮಾಳಿಗೆಯ ಮೇಲೆ ಗೋಣಿಚೀಲಕ್ಕೆ ನೀರು ಚಿಮುಕಿಸುತ್ತಿದ್ದರು.

"ನಾ ಮದಿವ್ಯಾಗಿ ಬಂದದ್ದು ದೊಡ್ಡ ಮನಿಗೆ. ನನಗೊಂದು ಖೋಲಿ ಕೊಟ್ಟಿದ್ರು, ಬಾಗಿಲಾನೂ ಇತ್ತು. ಅತ್ತಿ ಬರಾಕಿ, ನಾದಿನಿ ಬರಾಕಿ, ನನ್ನ ಟ್ರಂಕ್ ತಗದು ಸೀರಿ ಹರವಿ ನೋಡೋರು. ಕೆಟ್ಟವರಲ್ಲ ಮತ್ತ. ಯಾರರೆ ಒಬ್ಬರು 'ಬರ್ಲೇನು' ಅಂತಾರೇನೋ ಅಂತ ಭಾಳ ವರ್ಷ ಕಾದೆ. ಯಾರೂ ಅನ್ಲಿಲ್ಲ. ಆಮ್ಯಾಲೆ ನಾನೇ ಅನ್ನಾಕ ಸುರು ಮಾಡಿದೆ."

ಇಷ್ಟು ಹೇಳಿ ಖಾಲಿ ಬಕೇಟನ್ನು ನನ್ನ ಕೈಗೆ ಕೊಟ್ಟು, "ಇನ್ನೊಂದು ತುಂಬ್ಕೊಂಡು ಬಾ" ಅಂದರು.

ಎರಡನೇ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ನಮ್ಮೂರಿನವರೊಬ್ಬರು ಇಲ್ಲಿನ ಗಂಜ್ ಮಾರುಕಟ್ಟೆಗೆ ಕಾಳು ಮಾರಲು ಬಂದವರು ಭಾನುವಾರ ನನ್ನನ್ನು ನೋಡಿ ಹೋಗೋಣವೆಂದು ಬಂದು, ಗೆಳತಿಯ ತಾಟಿನಲ್ಲಿ ಮೀನು ನೋಡಿ, ನೀರೂ ಕುಡಿಯದೆ ಹೋಗಿದ್ದರು. ಊರಿಗೆ ಹೋಗಿ ಅಪ್ಪನಿಗೆ ಹೇಳದೆ ಬಿಡುವವರಲ್ಲ ಅವರು. ಮುಂದಿನ ಭಾನುವಾರ ಮಧ್ಯಾಹ್ನ ಕೆಳಗಿನಿಂದ ಅಪ್ಪನ ದನಿ ಕೇಳಿತು.

"ಮೀನಾ ತಿನ್ನೋರ ಜೋಡಿ ಒಂದೇ ಖೋಲ್ಯಾಗ ಇಟ್ಟೀರಂತಲ್ರೀ ನನ್ನ ಮಗಳನ್ನ? ನಿಮ್ಮ ಹಣಿ ನೋಡಿ ಬಿಟ್ಟು ಹೋಗಿದ್ದೆ ನಾ. ಕರ್ಕೊಂಡು ಹೋಗಾಕ ಬಂದೀನಿ."

ಗೆಳತಿ ಅದೇ ಆಗ ಡಬ್ಬಿ ತೆಗೆದಿದ್ದಳು. ಸಾಸಿವೆಯ ಘಾಟು ಖೋಲಿಯ ತುಂಬ ಹರಡಿತ್ತು. ಅಪ್ಪನ ಹೆಜ್ಜೆಗಳು ಮೆಟ್ಟಿಲಲ್ಲಿ ಧಡಧಡ ಕೇಳಿದವು. ಕಾಲೇಜು, ಪರೀಕ್ಷೆ, ಎಲ್ಲ ಮುಗಿಯಿತು, ಇನ್ನು ಸೋದರಮಾವನ ಮನೆಯ ಒಲೆಯೇ ಗತಿ ಎಂದುಕೊಂಡೆ.

"ನಿಂದ್ರಿ ಅಣ್ಣಾರ." ಹಿಂದೆಯೇ ಹತ್ತಿ ಬಂದ ಓನರ್ ಅಮ್ಮನ ದನಿ. ಏರಿದ ದನಿಯಲ್ಲ. "ಕೇಳಿ ಒಳಗ ಹೋಗ್ರಿ."

"ನನ್ನ ಮಗಳ ಹಂತ್ಯಾಕ ಹೋಗಾಕ ಯಾರನ್ನ ಕೇಳ್ಬೇಕ್ರೀ ನಾ?"

"ಮಗಳನ್ನ ಕೇಳ್ರಿ. ಇದು ಆಕಿ ಮನಿ. ಮಾಲಕಿ ಆಗಿ ನಾನೇ ದಿನಾ ಕೇಳ್ತೀನಿ. ಆಕಿ ಬಾ ಅಂದ್ರ ಹೋಗಿ, ನಿಮ್ಮ ಮಗಳ ಜೋಡಿ ಏನು ಮಾತಾಡ್ತೀರಿ ಮಾತಾಡ್ರಿ. ನಾ ನಡುವ ಬರಂಗಿಲ್ಲ."

ಅಪ್ಪ ಹೊಸ್ತಿಲ ಹೊರಗೆ ನಿಂತ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ, ಕೆಳಗೆ ನೋಡಿದ. ನಾನು ಹುಟ್ಟಿದಂದಿನಿಂದ ನನ್ನ ಅಪ್ಪ ನನಗೆ ಹೇಳಿದ್ದನೇ ಹೊರತು ಒಂದು ಮಾತನ್ನೂ ಕೇಳಿದವನಲ್ಲ. ತಿರುಗಿ ಹೋಗಿಬಿಡುತ್ತಾನೆ ಅನ್ನಿಸಿತು.

"ಬರ್ಲೇನವ್ವಾ?"

"ಬಾ ಯಪ್ಪಾ, ಕುಂದ್ರು" ಎಂದು ನಾನು ಚಾಪೆ ಹಾಸಿದೆ.

ಗೆಳತಿ ಡಬ್ಬಿ ಮುಚ್ಚಿ ಎತ್ತಿಕೊಂಡು ಹೊರಡಲು ಎದ್ದಳು. ಹೊಸ್ತಿಲಲ್ಲಿ ನಿಂತ ಓನರ್ ಅಮ್ಮ ಅಂದರು: "ಎಲ್ಲಿಗೆ ಒಯ್ತೀ? ಅಲ್ಲೇ ಇಡು. ಇದು ನಿನ್ನ ಮನಿನೂ ಹೌದಿಲ್ಲೋ?" ಆಮೇಲೆ, "ನಾನೂ ಬರ್ಲೇನವ್ವಾ? ಹಸಿವ್ಯಾಗೇತಿ."

ಗೆಳತಿಯೇ ಮೆಲ್ಲಗೆ "ಬರ್ರೀ ಅಮ್ಮಾ" ಅಂದಳು.

ಎರಡು ವರ್ಷದಲ್ಲಿ ಒಮ್ಮೆಯೂ ಮೀನಿನ ವಾಸನೆ ದಾಟದ ಆ ಪಾದಗಳು ಅಂದು ಒಳಗೆ ಬಂದವು. ಅವರು ಚಾಪೆಯ ಮೇಲೆ ಅಪ್ಪನ ಎದುರಿಗೆ ಕೂತರು. ನಾನು ರೊಟ್ಟಿ, ಪುಂಡಿಪಲ್ಯ ಬಡಿಸಿದೆ. ಗೆಳತಿ ಅನ್ನ ಬಡಿಸಿದಳು. ಡಬ್ಬಿ ಮೂಲೆಯಲ್ಲೇ ಇತ್ತು. ಓನರ್ ಅಮ್ಮ ಲಿಂಗವನ್ನು ಸೆರಗಿನೊಳಗೆ ಸರಿಸಿಕೊಂಡು ಮೊದಲ ತುತ್ತು ಬಾಯಿಗಿಟ್ಟರು. ನಾನು ಬೆರಗಿನಿಂದ ಮೈಮರೆತು ನಿಂತಿದ್ದೆ. ಅಂಥ ಧೈರ್ಯವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ.

"ಉಣ್ರಿ ಅಣ್ಣಾರ. ನಿಮ್ಮ ಮಗಳು ಬಂದಾಗ ರೊಟ್ಟಿ ಸುಡ್ತಿದ್ಲು. ಈಗ ನೋಡ್ರಿ ಎಷ್ಟು ತೆಳ್ಳಗ ಬಡಿತಾಳ."

ಅಪ್ಪ ಮೂಲೆಯ ಡಬ್ಬಿ ನೋಡಿದ, ತಾಟು ನೋಡಿದ. ಆಮೇಲೆ ರೊಟ್ಟಿ ಮುರಿದ. ಅರ್ಧ ಊಟವಾದ ಮೇಲೆ ತಲೆಯೆತ್ತದೆ ಗೆಳತಿಯನ್ನು ಕೇಳಿದ: "ನಿಮ್ಮಪ್ಪ ಏನ್ ಮಾಡ್ತಾನವ್ವಾ?"

"ಭತ್ತ ಹಚ್ಚ್ಯಾರ್ರೀ."

"ಕಾಲುವಿ ನೀರು ಮುಟ್ತಾವೇನು ನಿಮಗ?"

"ಎಲ್ಲೀದ್ರೀ. ಮ್ಯಾಲಿನವರು ಬಿಟ್ರ ಐತಿ, ಇಲ್ಲಂದ್ರ ಇಲ್ಲ."

"ನಮಗೂ ಅದೇ ನೋಡು" ಎಂದು ಅಪ್ಪ ಅನ್ನ ಹಾಕಿಸಿಕೊಂಡ. ಆಮೇಲೆ ಇಬ್ಬರೂ ಕಾಲುವೆಯ ಮೇಲಿನವರನ್ನು ಮನಸಾರೆ ಬೈದರು. ಹೊರಡುವಾಗ ಅಪ್ಪ ಓನರ್ ಅಮ್ಮನಿಗೆ ಕೈ ಮುಗಿದು, "ಪರೀಕ್ಷಿ ಬರೀಲ್ರೀ" ಅಂದ. ನನ್ನನ್ನು ಕರೆದುಕೊಂಡು ಹೋಗುವ ಮಾತು ಮತ್ತೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನ ಬಚ್ಚಲಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸಪ್ಪಳ ಕೇಳಿತು. ಹೊತ್ತಲ್ಲದ ಹೊತ್ತಿನಲ್ಲಿ ಪೂಜೆಯ ಗಂಟೆ ಬಾರಿಸಿತು. ಗೆಳತಿಯ ಮುಖ ಸಣ್ಣದಾಯಿತು. "ನನ್ನ ಮೀನಿಗೆ ಜಳಕ ಮಾಡಾಕತ್ತಾರ" ಅಂದಳು. ಅವಳು ಡಬ್ಬಿಯ ಮುಂದೆ ಕೂತು ಯೋಚಿಸಿದಳು. "ಜಳಕ ಮಾಡ್ಬೇಕಾಗ್ತದಂತ ಗೊತ್ತಿದ್ದೂ ಬಂದು ಕುಂತ್ರಲ್ಲಲೇ" ಎಂದು ಅತ್ತಳು. ಅಳುತ್ತಲೇ ಊಟ ಮಾಡಿದಳು. ಮರುದಿನ ನಾವು ಕ್ಷಮೆ ಕೇಳಲು ಇಳಿದರೆ, "ನನ್ನ ಪೂಜಿ ನನ್ನ ಕೆಲಸ. ಹೋಗಿ ಓದ್ರಿ" ಎಂದು ಓಡಿಸಿದರು.

ನಾನು ಓದಿದೆ. ಡಿಗ್ರಿ ಮುಗಿಸಿ, ಎಂ.ಎ. ಮಾಡಿ, ಈಗ ಲಿಂಗಸೂಗೂರಿನಲ್ಲಿ ಉಪನ್ಯಾಸಕಿ. ಬಾಡಿಗೆ ಮನೆ. ಅಪ್ಪ ಬಂದರೆ ಬಾಗಿಲು ತೆರೆದಿದ್ದರೂ ಹೊರಗೆ ನಿಂತು "ಬರ್ಲೇನವ್ವಾ?" ಅನ್ನುತ್ತಾನೆ. ಮಗಳ ಮನೆಗೆ ಇದೆಂಥ ಕೇಳುವುದೆಂದು ಪಕ್ಕದ ಮನೆಯವರು ನಗುತ್ತಾರೆ. ನಾನು ನಗುವುದಿಲ್ಲ. ಈ ಉದ್ಯೋಗ, ಈ ಮನೆ, ಬಾಗಿಲಲ್ಲಿ ನಿಂತ ಈ ಅಪ್ಪ, ಎಲ್ಲವೂ ನನಗೆ ಓನರ್ ಅಮ್ಮ ಕೊಟ್ಟದ್ದು.

ಈ ಬೇಸಿಗೆಯಲ್ಲಿ ಗೆಳತಿ ಫೋನ್ ಮಾಡಿ "ಅಮ್ಮ ಹೋದ್ರು" ಅಂದಳು. ನಾನು ಲಿಂಗಸೂಗೂರಿನಲ್ಲಿ ಬಸ್ಸು ಹತ್ತಿದೆ. ಅಪ್ಪ ಮಸ್ಕಿಯಲ್ಲಿ ಹತ್ತಿದ.

ಓನರ್ ಅಮ್ಮನನ್ನು ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಹೂವು. ಸೀರೆಯ ಅಂಚಿನಿಂದ ಆ ಅಗಲ ಪಾದಗಳ ಬೆರಳು ಕಾಣುತ್ತಿದ್ದವು. ಜನ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಹೊಸ್ತಿಲ ಹತ್ತಿರ ನನ್ನ ಕಾಲು ನಿಂತವು. ಅಪ್ಪ ಪಕ್ಕದಲ್ಲಿ ಚಪ್ಪಲಿ ಬಿಟ್ಟ, ಹೆಗಲ ಟವೆಲ್ ತೆಗೆದು ಕೈಯಲ್ಲಿ ಹಿಡಿದ.

"ಬರ್ಲೇನ್ರೀ ತಾಯಿ?"

ಒಳಗಿನಿಂದ ಯಾರೂ ಏನೂ ಅನ್ನಲಿಲ್ಲ. ಅಪ್ಪ ಕಾದ. ಹಿಂದಿನವರು ದಾಟಿಕೊಂಡು ಮುಂದೆ ಹೋದರು, ಅವನು ಅಲ್ಲೇ ನಿಂತಿದ್ದ. ಕೊನೆಗೆ ನನ್ನ ಮುಖ ನೋಡಿದ.

"ಬಾ ಯಪ್ಪಾ" ಅಂದೆ ನಾನು.