ಕರಿ ಐದರ ಷಡ್ಜ

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಪುಣೆಯ ನಾರಾಯಣ ಪೇಟೆಯ ಮಲಕಪ್ಪನ ಮನೆಯಲ್ಲಿ ಜಮಖಾನೆ ಹಾಸಿದರೆಂದರೆ ಹಾಡಿನ ಬೈಠಕ್ ಇದೆ ಎಂದರ್ಥ. ಹದಿನೈದು ಜನ ಕೂತರೆ ಹದಿನಾರನೆಯವರು ಅಡುಗೆಮನೆಯಲ್ಲಿ ನಿಂತು ಕೇಳಬೇಕು, ಅಷ್ಟು ಜಾಗ. ಇಂಡಿ ಕಡೆಯ ಮಲಕಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಪೇಟೆಗೆ ಗೊತ್ತಿದ್ದದ್ದು ಅವನ ಹಾರ್ಮೋನಿಯಂ. ಹಾಡಲು ಬಂದವರು ಯಾರೇ ಇರಲಿ, ಪೆಟ್ಟಿ ಮುಟ್ಟುವ ಮೊದಲು ಅವನದು ಮೂರು ಪ್ರಶ್ನೆ: ಪಟ್ಟಿ, ಅಂದರೆ ಶ್ರುತಿಯ ಮನೆ, ಯಾವುದು, ಲಯ ಎಂಥದು, ರಾಗ ಯಾವುದು. ಎಷ್ಟೇ ಹೆಸರು ಮಾಡಿದವರೂ ಉತ್ತರ ಕೊಟ್ಟೇ ಬಾಯಿ ತೆರೆಯಬೇಕು.

ಹೆಂಡತಿ ಶಿವಕಾಂತಾಳನ್ನು ಮಾತ್ರ ಅವನು ಎಂದೂ ಕೇಳಲಿಲ್ಲ. ಕೇಳುವುದೇನು? ಅವಳದು ಕರಿ ಐದು. ಪೆಟ್ಟಿಯ ಐದನೆಯ ಕಪ್ಪು ಮನೆ ಒತ್ತಿದರೆ ಅದೇ ಅವಳ ಷಡ್ಜ. ಲಯ ವಿಲಂಬಿತ, ರಾಗ ಬಹುತೇಕ ಮುಲ್ತಾನಿ. ಆ ಇಳಿಹೊತ್ತಿನ ರಾಗವನ್ನು ಅವಳು ಬಾಗಿಲಲ್ಲಿ ಯಾರನ್ನೋ ಕಾಯುತ್ತ ಕೂತವರ ಹಾಗೆ ಹಾಡುತ್ತಿದ್ದಳು. ಕೇಳುವವರ ಕೈಯಲ್ಲಿ ಚಹಾ ಆರಿಹೋಗುತ್ತಿತ್ತು.

ಆರು ವರ್ಷದ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿ ಆಪರೇಷನ್ ಆಯಿತು. ಧ್ವನಿ ಸ್ವಲ್ಪ ಇಳಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಿಂದಿನ ದಿನ ಅವಳು ಗಂಡನಿಗೆ, "ಕರಿ ಐದು ಹೋದ್ರ ನನ್ನ ಹಾಡೂ ಹೋದಂಗ ರೀ," ಎಂದಳು. ಅಷ್ಟೇ ಮಾತು. ಮಲಕಪ್ಪ ಅದನ್ನು ಎದೆಗೆ ಹಚ್ಚಿಕೊಂಡ.

ಧ್ವನಿ ನಿಜಕ್ಕೂ ಇಳಿದಿತ್ತು. ಈಗ ಪೆಟ್ಟಿಯ ಸಂಗತಿಯೊಂದನ್ನು ಹೇಳಬೇಕು. ಕೆಲವು ಹಾರ್ಮೋನಿಯಂಗಳಲ್ಲಿ ಮನೆಗಳ ಸಾಲನ್ನೇ ಪಕ್ಕಕ್ಕೆ ಸರಿಸಬಹುದು. ಬೆರಳು ಕರಿ ಐದರ ಮೇಲೇ ಇರುತ್ತದೆ, ಹೊರಡುವುದು ನಡುವಿನ ಬಿಳಿಯನ್ನೂ ದಾಟಿ ಎರಡು ಮನೆ ಕೆಳಗಿನ ಕರಿ ನಾಲ್ಕರ ಸ್ವರ. ಮಲಕಪ್ಪನದು ಅಂಥ ಪೆಟ್ಟಿ. ಹೆಂಡತಿ ಮತ್ತೆ ಹಾಡಲು ಕೂತ ದಿನ ಅವನು ಅವಳು ಬರುವ ಮೊದಲೇ ಸಾಲು ಸರಿಸಿ ಮುಚ್ಚಳ ಹಾಕಿದ. ತಂಬೂರಿ ಶ್ರುತಿ ಮಾಡುವುದು ಮೊದಲಿಂದಲೂ ಅವನ ಕೆಲಸವೇ, ಅದನ್ನೂ ಇಳಿಸಿದ. ತಬಲಾದ ಮಾಂತುವಿನ ಬಾಯಿಗೆ ಬೀಗ ಹಾಕಿಸಿದ.

ಶಿವಕಾಂತಾ ಒಂದು ತಾಸು ಹಾಡಿದಳು. ಮುಗಿಸಿ, "ಧ್ವನಿ ಹೊಳ್ಳಿ ಬಂತು ನೋಡ್ರಿ," ಎಂದಳು. ಅವಳ ಮುಖ ನೋಡಿದ ಮೇಲೆ ನಿಜ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಹೀಗೆ ಮೂರು ವರ್ಷ ನಡೆಯಿತು.

ಒಂದು ಭಾನುವಾರ ತಂಬೂರಿಯ ತಂತಿ ಹರಿಯಿತು. ಸಾಸವಡದಿಂದ ಶಿವಕಾಂತಾಳ ಹತ್ತಿರ ಕಲಿಯಲು ಬರುತ್ತಿದ್ದ ಶಿಷ್ಯೆ ಸೋನಾಲಿ ಮೊಬೈಲಿನಲ್ಲಿ ತಂಬೂರಿ ಹಚ್ಚಿದಳು, ಗುರುಗಳ ಪಟ್ಟಿಗೆ, ಅಂದರೆ ಕರಿ ಐದಕ್ಕೆ. ಮಲಕಪ್ಪ ತಡೆಯುವಷ್ಟರಲ್ಲಿ ಮಾಂತು ತಬಲಾ ಹೊಂದಿಸಲು ಪೆಟ್ಟಿಯ ಸ್ವರ ಬೇಕೆಂದು ಕೈ ಮಾಡಿದ, ಇವನ ಬೆರಳು ರೂಢಿಯಂತೆ ಒತ್ತಿಬಿಟ್ಟಿತು. ಎರಡು ಸ್ವರ ಒಂದಕ್ಕೊಂದು ಜಗಳಕ್ಕೆ ಬಿದ್ದವು. "ಕಾಕಾ, ನಿಮ್ಮ ಪೆಟ್ಟಿ ಎರಡು ಮನೆ ಕೆಳಗಿದೆ," ಎಂದು ಹುಡುಗಿ ಪಾಪ, ಏನೂ ತಿಳಿಯದೆ ಮರಾಠಿಯಲ್ಲಿ ಹೇಳಿದಳು. ಶಿವಕಾಂತಾ ಕೈ ಚಾಚಿ ಮುಚ್ಚಳ ಎತ್ತಿದಳು. ಸರಿದ ಸಾಲನ್ನು ನೋಡಿದಳು, ಆಮೇಲೆ ಮಾಂತುವನ್ನು. ಅವನು ತಲೆ ತಗ್ಗಿಸಿದ.

"ಇವತ್ತ ಸೋನಾಲಿ ಹಾಡ್ತಾಳ," ಎಂದು ಎದ್ದುಹೋದಳು.

ಅವಳು ಜಗಳ ಆಡಿದ್ದರೆ ಮಲಕಪ್ಪ ಬದುಕಿಕೊಳ್ಳುತ್ತಿದ್ದ. ಅವಳು ರೊಟ್ಟಿ ಬಡಿದು ಹಾಕಿದಳು, ಮಾತ್ರೆ ನುಂಗಿಸಿದಳು, ಕೈಯಲ್ಲಿ ತಾಳ ಹಾಕಿ ಶಿಷ್ಯೆಯರಿಗೆ ಪಾಠ ಹೇಳಿದಳು. ಹಾಡಲಿಲ್ಲ. ಒಮ್ಮೆ ಮಾತ್ರ, "ಮಂದಿ ವಾಹ್ವಾ ಅಂದಾಗೆಲ್ಲ ನಿಮಗ ನಗಿ ಬರ್ತಿತ್ತೇನ್ರಿ?" ಎಂದು ಕೇಳಿದಳು.

ಈ ವರ್ಷ ಅವಳ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಒಂದು ಮಧ್ಯಾಹ್ನ ಮಂಚದ ಮೇಲಿಂದ ತಾನಾಗಿ ಕೇಳಿದಳು.

"ಎಷ್ಟ ಇಳಿದಿತ್ರೀ?"

"ಎರಡ ಮನಿ."

"ಬರೇ ಎರಡ?" ಅವಳು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು. "ನಮ್ಮ ಗುರುಗಳದು ಮೂರು ಇಳಿದಿತ್ತು. ಎಲ್ಲರ ಮುಂದ ಹೇಳಿ ಹಾಡ್ತಿದ್ರು. ನನಗೂ ಹೇಳಿದ್ರ ಹಾಡ್ತಿದ್ನೆಲ್ರೀ."

"ಹಾಡೇ ಹೋದಂಗ ಅಂತ ನೀನ ಅಂದಿದ್ದೆಲ್ಲಾ."

"ಮರುದಿನ ಕುತ್ತಿಗಿ ಕೊಯ್ಯೋರಿದ್ರು. ಹೆದರಿ ಅಂದಿದ್ದೆ."

ಹೆದರಿದವಳ ಒಂದು ಮಾತನ್ನು ಹಿಡಿದುಕೊಂಡು ಅವನು ಅವಳ ಹಾಡನ್ನೇ ಕಳೆದಿದ್ದ. ಮಲಕಪ್ಪ ಎದ್ದು ಪೆಟ್ಟಿ ತಂದು ಮಂಚದ ಪಕ್ಕ ಇಟ್ಟ. ಅವಳಿಗೆ ಕಾಣುವಂತೆ ಮುಚ್ಚಳ ತೆಗೆದು, ಸಾಲನ್ನು ಅದರ ಸ್ವಂತ ಜಾಗಕ್ಕೆ ಸರಿಸಿದ. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳನ್ನು ಕೇಳಿದ.

"ಯಾವ ಪಟ್ಟಿ ಕೊಡ್ಲಿ?"

"ಕರಿ ನಾಕು," ಎಂದಳು, ಮುಚ್ಚುಮರೆ ಇಲ್ಲದೆ. "ಲಯ ಓಡಸಬ್ಯಾಡ್ರಿ."

ಅವನು ಕರಿ ನಾಲ್ಕನ್ನೇ ಒತ್ತಿದ. ಶಿವಕಾಂತಾ ಬಾಯಿ ತೆರೆದಳು. ಬಂದದ್ದು ಉಸಿರು ಮಾತ್ರ. ಮತ್ತೊಮ್ಮೆ ತೆರೆದಳು. ಆಮೇಲೆ ಬಾಯಿ ಮುಚ್ಚಿ, ಹೊದಿಕೆಯ ಮೇಲೆ ಬೆರಳಿಂದ ವಿಲಂಬಿತದ ಲಯ ಹಾಕತೊಡಗಿದಳು. ಮಲಕಪ್ಪ ಆ ಬೆರಳನ್ನೇ ನೋಡುತ್ತ, ಅವಳು ಹಾಡಬೇಕಿದ್ದ ಜಾಗವನ್ನು ಖಾಲಿ ಬಿಟ್ಟು, ಷಡ್ಜವೊಂದನ್ನೇ ಕೊಡುತ್ತ ಕೂತ.