ಎರಡು ಸಲ ಒತ್ತಿದ ಗುಂಡಿ

ಒಮ್ಮೆ ಒತ್ತಿದ ಗುಂಡಿಯನ್ನು ಮತ್ತೊಮ್ಮೆ ಒತ್ತದಿದ್ದರೆ ನನಗೆ ಸಮಾಧಾನವಿಲ್ಲ. ಲಿಫ್ಟಿನದಾಗಲಿ, ಕರೆಗಂಟೆಯದಾಗಲಿ, ಎರಡು ಸಲ ಹೇಳಿದರೇ ಯಂತ್ರದ ಕಿವಿಗೆ ಬೀಳುವುದೆಂಬ ಮೂಢನಂಬಿಕೆ ನನ್ನದು. ಮಂಡ್ಯದ ಕಾಲೇಜಿನಲ್ಲಿ ಆಯುಷ್ಯವೆಲ್ಲ ಭೌತಶಾಸ್ತ್ರ ಬೋಧಿಸಿದವನಿಗೆ ಇದು ಭೂಷಣವಲ್ಲವೆಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ, ಅದೂ ಎರಡೆರಡು ಸಲ.

ನಿವೃತ್ತಿಯ ನಂತರ ವೆಬ್ ಪುಟ ಬರೆಯುವ ಗೀಳು ಹತ್ತಿಸಿಕೊಂಡ ನಾನು, ಮದ್ದೂರಿನಲ್ಲಿ ಗೆಳೆಯರು ಏರ್ಪಡಿಸಿದ್ದ ಹತ್ತು ನಿಮಿಷದ ಮುದ್ದೆ ಉಣ್ಣುವ ಸ್ಪರ್ಧೆಗೆ ಒಂದು ಟೈಮರ್ ತಯಾರಿಸಿಕೊಟ್ಟೆ. ಅದರ ಗುಟ್ಟು ಸರಳ: ಪರದೆ ತನ್ನ ಚಿತ್ರ ಬದಲಿಸುವ ಪ್ರತಿ ಸಲವೂ ಬ್ರೌಸರ್ ನನ್ನ ಪುಟ್ಟ ಲೆಕ್ಕವನ್ನು ಕರೆಯುತ್ತದೆ, ಅದು ಬಂದು, ಉಳಿದ ಕಾಲದಲ್ಲಿ ಒಂದು ಚೂರು ಕಳೆದು, ಮುಂದಿನ ಸಲವೂ ಕರೆ ಎಂದು ಹೇಳಿಟ್ಟು ಹೋಗುತ್ತದೆ. ದೊಡ್ಡ ಪರದೆಯ ಮೇಲೆ ಅಂಕಿಗಳು ಇಳಿಯುವ ಚೆಂದಕ್ಕೆ ನಾನೇ ನನ್ನ ಬೆನ್ನು ತಟ್ಟಿಕೊಂಡಿದ್ದೆ.

ಸ್ಪರ್ಧಿಗಳಲ್ಲಿ ಮಳವಳ್ಳಿ ಕಡೆಯ ನಿಂಗೇಗೌಡರಿದ್ದರು, ಎಪ್ಪತ್ತರ ಹತ್ತಿರದವರು. ಉಳಿದವರು ಸೀಟಿ ಊದಿದೊಡನೆ ಮುದ್ದೆಗೆ ಮುಗಿಬಿದ್ದರೆ ಇವರು ತುತ್ತು ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುತ್ತ ಒಂದೇ ಹದದಲ್ಲಿ ಸಾಗಿದ್ದರು. ಅವಸರಪಟ್ಟವರ ಹೊಟ್ಟೆ ಬಿಗಿದ ಮೇಲೆಯೇ ಗೌಡರ ಆಟ ಶುರುವಾಗುವುದು ಎಂದು ಪಕ್ಕದವರು ಹೇಳಿದರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಕೆಂಪಮ್ಮ ಕೂತಿದ್ದರು.

ಆದರೆ ಆ ಉತ್ತರಾರ್ಧ ಬರಲೇ ಇಲ್ಲ. ಟೈಮರಿನ ಗಂಟೆ ಹೊಡೆದಾಗ ಗೌಡರು ಕೈಯಲ್ಲಿ ತುತ್ತು ಹಿಡಿದೇ ತಲೆಯೆತ್ತಿದರು.

"ಇದೇನ್ ಸಾ, ಈಗಿನ್ನೂ ಕುಂತಂಗದೆ, ಆಗ್ಲೇ ಅತ್ತು ನಿಮಿಸ ಆಗೋಯ್ತಾ?"

"ಮಿಷಿನ್ನು ಸುಳ್ಳು ಹೇಳುತ್ತಾ ಯಜಮಾನ್ರೆ?" ಎಂದೆ, ಮೈಕಿನಲ್ಲೇ. ಜನ ಗೊಳ್ಳೆಂದು ನಕ್ಕರು. ಗೌಡರು ತುತ್ತನ್ನು ತಟ್ಟೆಗಿಟ್ಟು ಕೈತೊಳೆದು ಹೊರಟುಹೋದರು.

ಮರುದಿನ ಸುಮ್ಮನೆ ಆ ಪುಟವನ್ನು ಕೈಗಡಿಯಾರದೊಂದಿಗೆ ಹೋಲಿಸಿ ನೋಡಿದರೆ, ಅದು ಇಮ್ಮಡಿ ವೇಗದಲ್ಲಿ ಓಡುತ್ತಿತ್ತು. ನನ್ನ ಕೈಚಟದಂತೆ, ಸ್ಪರ್ಧೆಯ ದಿನದ ಹಾಗೆ ಈಗಲೂ ಆರಂಭದ ಗುಂಡಿಯನ್ನು ಎರಡು ಸಲ ಒತ್ತಿದ್ದೆ. ಮೊದಲ ಕರೆ ರದ್ದಾಗದೆಯೇ ಎರಡನೆಯದೂ ಹೊರಟು, ಎರಡೂ ಸೇರಿ ಕಾಲವನ್ನು ಕಳೆದು, ಹತ್ತು ನಿಮಿಷ ಐದರಲ್ಲೇ ತೀರಿತ್ತು. ಹೊಸ ಕರೆಗೆ ಮುನ್ನ ಹಳೆಯದನ್ನು ರದ್ದುಮಾಡು ಎಂಬ ಒಂದು ಸಾಲು ಸಾಕಿತ್ತು, ಈಗ ಅದನ್ನು ಬರೆದೆ. ಮೈಕಿನಲ್ಲಿ ಆಡಿದ್ದನ್ನು ರದ್ದುಮಾಡುವ ಸಾಲು ನನಗೆ ತಿಳಿಯದು. ನಾಚಿಕೆಯಿಂದ ಎರಡು ದಿನ ಮನೆಯಲ್ಲೇ ಕೂತು, ಮೂರನೆಯ ದಿನ ಮಳವಳ್ಳಿ ಬಸ್ಸು ಹತ್ತಿದೆ.

ಗೌಡರು ಎಲ್ಲವನ್ನೂ ಕೇಳಿ, "ಓಗ್ಲಿ ಬುಡಿ ಸಾ, ಮುದ್ದೆ ಮನೇಲೂ ಅದೆ" ಎಂದು ನಕ್ಕು ಒಳಗೆ ಹೋದರು.

ಕಾಫಿ ತಂದ ಕೆಂಪಮ್ಮ ನಗಲಿಲ್ಲ. "ಅವತ್ತು ಸೋತ್ ಬಂದ್ಮ್ಯಾಲೆ ನಾನೇ ಏಳ್ಬುಟ್ಟೆ ಸಾ, ವಯಸ್ಸಾಯ್ತು, ಇನ್ ಮ್ಯಾಲೆ ಪಂದ್ಯಕ್ ಓಗ್ಬ್ಯಾಡಿ ಅಂತ. ಊಂ ಅಂದ್ಬುಟ್ರು." ಲೋಟ ಕೊಟ್ಟು, ತಗ್ಗಿದ ದನಿಯಲ್ಲಿ ಕೇಳಿದರು: "ಅಂಗಾರೆ, ಇವ್ರು ಗೆಲ್ತಿದ್ರಾ?"

ಉಳಿದ ಆ ಐದು ನಿಮಿಷವನ್ನು ಯಾರೂ ನೋಡಿಲ್ಲ.

ಈಗ ಯಾರ ಮನೆಗೆ ಹೋದರೂ ಕರೆಗಂಟೆಯನ್ನು ಒಮ್ಮೆ ಮಾತ್ರ ಒತ್ತಿ, ಕೈ ಹಿಂದೆ ಕಟ್ಟಿ ನಿಲ್ಲುತ್ತೇನೆ. ಬಾಗಿಲು ತೆರೆಯುವ ತನಕ ನನ್ನ ಕಿವಿಯಲ್ಲಿ ಕೆಂಪಮ್ಮ ಅದನ್ನೇ ಕೇಳುತ್ತಿರುತ್ತಾರೆ.