ಬೆಲ್ಟು ಬಿಗಿದ ಬೇಳೆಚೀಲ

ಕಣ್ಣಿನ ಆಪರೇಷನ್ ಮುಗಿದು ವಾರವಾದ ಮೇಲೆ ಅಳಿಯ ನನ್ನನ್ನು ಬೆಂಗಳೂರಿನಲ್ಲಿ ಕಲಬುರಗಿಯ ವಿಮಾನ ಹತ್ತಿಸಿದ. ಎಪ್ಪತ್ತೆರಡನೆಯ ವಯಸ್ಸಿಗೆ ಇದು ನನ್ನ ಮೊದಲ ಹಾರಾಟ. ದೊಡ್ಡವರು ಹಾರುವುದನ್ನು ಮಾತ್ರ ಬೇಕಾದಷ್ಟು ನೋಡಿದ್ದೆ. ವಾಡಿ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಕೆಲಸಕ್ಕಿದ್ದೆ. ಹೈದರಾಬಾದಿನಿಂದ ಡೈರೆಕ್ಟರುಗಳು ಹೆಲಿಕಾಪ್ಟರಿನಲ್ಲಿ ಬರುವ ದಿನ ಮೈದಾನಕ್ಕೆ ನೀರು ಹೊಡೆಸುವುದು, ಎಮ್ಮೆ ಅಟ್ಟುವುದು, ಸಾಮಾನು ಇಡುವುದು ನನ್ನ ಪಾಲಿಗೆ.

ವಿಮಾನ ಸಣ್ಣದು. ನನ್ನದು ಕೊನೆಯ ಸಾಲು. ಪಕ್ಕದಲ್ಲಿ ಕುಳಿತವರಿಗೆ ಗಗನಸಖಿ ಅಷ್ಟೊಂದು ವಿನಯದಿಂದ ನಮಸ್ಕರಿಸಿದ್ದು ಕಂಡು ಯಾರೆಂದು ವಿಚಾರಿಸಿದೆ. ಅದೇ ವಿಮಾನ ಕಂಪನಿಯ ದೊಡ್ಡ ಅಧಿಕಾರಿ.

“ನಿಮ್ಮದೇ ವಿಮಾನ, ಹಿಂದ್ಯಾಕ ಕುಂತೀರಿ ಸಾಹೇಬ್ರ?”

“ಟಿಕೆಟ್ ಕೊಂಡವರೆಲ್ಲ ಕೂತ ಮೇಲೆ ಉಳಿದದ್ದು ನಮಗೆ, ಯಜಮಾನ್ರೇ. ನಿನ್ನೆ ಉಳೀಲಿಲ್ಲ, ಮನೆಗೆ ವಾಪಸ್ ಹೋದೆ.”

“ನಿಮ್ಮ ಕೈಕೆಳಗಿನವರೇ ನಿಮಗ ಜಾಗಾ ಇಲ್ಲ ಅಂತಾರ?”

“ಇಲ್ಲದಿದ್ದರೆ ಇಲ್ಲ ಅನ್ನಬೇಕು. ಇದ್ದಾಗ ಮಾತ್ರ ಇಲ್ಲ ಅನ್ನೋ ಹಾಗಿಲ್ಲ,” ಎಂದು ನಕ್ಕು ಅವರು ಗಗನಸಖಿ ಕೊಟ್ಟ ಉಪ್ಪಿಟ್ಟಿನ ಡಬ್ಬಿ ತೆರೆದರು. ನನ್ನ ಡಬ್ಬಿ ಮುಚ್ಚಿಯೇ ಉಳಿಯಿತು.

ಬಹಳ ವರ್ಷದ ಹಿಂದೆ ಗಣಿಯಲ್ಲಿ ಕಲ್ಲು ಬಿದ್ದು ನನ್ನ ಗೆಳೆಯ ಚಂದ್ರಪ್ಪನ ಕಾಲು ಜಜ್ಜಿತ್ತು. ಅವನ ಹೆಂಡತಿ ನಾಗಮ್ಮ ಮೈದಾನಕ್ಕೆ ಓಡಿ ಬಂದು, ಅವನನ್ನು ಹೈದರಾಬಾದಿಗೆ ಒಯ್ಯಲು ಹೆಲಿಕಾಪ್ಟರಿನಲ್ಲಿ ಜಾಗ ಕೇಳಿದಳು. ಹೊರಟಿದ್ದವರು ಇಬ್ಬರೇ ಸಾಹೇಬರು. ಹಿಂದಿನ ಎರಡು ಸೀಟಿನಲ್ಲಿ ಜನರಿರಲಿಲ್ಲ. ಹೊರಡುವ ಅತಿಥಿಗೆ ತೊಗರಿಬೇಳೆ ಕೊಡುವುದು ನಮ್ಮಲ್ಲಿಯ ರೂಢಿ. ಹತ್ತು ಕಿಲೋ ಚೀಲವನ್ನು ಆಗತಾನೇ ಅಲ್ಲಿಟ್ಟು, ಉರುಳಬಾರದೆಂದು ನಾನೇ ಬೆಲ್ಟು ಬಿಗಿದಿದ್ದೆ. ಸಾಹೇಬರನ್ನು ಕೇಳಲು ನನಗೆ ಬಾಯಿ ಬರಲಿಲ್ಲ. “ಜಾಗಾ ಇಲ್ಲವ್ವ,” ಅಂದೆ. ಜೀಪಿನಲ್ಲಿ ಹೋದ ಚಂದ್ರಪ್ಪನ ಕಾಲು ಉಳಿಯಲಿಲ್ಲ. ಹೆಲಿಕಾಪ್ಟರಿನಲ್ಲಿ ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. “ಜಾಗಾ ಇದ್ದಿದ್ರ ಮಲ್ಲಣ್ಣ ಕೈ ಬಿಡ್ತಿದ್ದಿಲ್ಲ,” ಎಂದು ನಾಗಮ್ಮ ನನ್ನ ಬಗ್ಗೆ ಮಂದಿಗೆ ಹೇಳುತ್ತಿದ್ದಳು. ಅದನ್ನು ಕೇಳುತ್ತಲೇ ಇಷ್ಟು ವರ್ಷ ಅವರ ಮನೆಯ ಚಹಾ ಕುಡಿದೆ.

ಒಂದು ತಾಸು ಕಳೆದಾಗ ಕೆಳಗೆ ಕಪ್ಪು ಹೊಲಗಳು ಕಂಡವು. ಅಧಿಕಾರಿ ಎಲ್ಲರೂ ಇಳಿದ ಮೇಲೆ ಇಳಿದರು. ಹೊರಗೆ ಬಿಸಿಲು ಬಡಿಯಿತು. ಕಲಬುರಗಿಯಲ್ಲಿ ವಾಡಿ ಬಸ್ಸು ಹತ್ತಿದವನು ದಾರಿಯಲ್ಲಿ ಚಂದ್ರಪ್ಪನ ಊರು ಶಹಾಬಾದಿನಲ್ಲೇ ಇಳಿದುಬಿಟ್ಟೆ.

“ಏನೋ ಮಲ್ಲಣ್ಣ, ವಿಮಾನ ನೆಟ್ಟಗ ನಮ್ಮ ಅಂಗಳಕ್ಕೇ ಇಳೀತೇನು?” ಎಂದ ಚಂದ್ರಪ್ಪ, ಊರುಗೋಲು ಸರಿಸುತ್ತ.

“ಕುಂದ್ರಿ ಅಣ್ಣಾ, ಛಾ ಇಡಾಕತ್ತೀನಿ,” ಎಂದಳು ನಾಗಮ್ಮ.

ಕೂರದೆ ಎಲ್ಲ ಹೇಳಿದೆ. ಸೀಟು, ಚೀಲ, ಬೆಲ್ಟು.

ಚಂದ್ರಪ್ಪ ಊರುಗೋಲನ್ನು ಗೋಡೆಗೆ ಒರಗಿಸಿದ. “ಹತ್ತ್ ಕಿಲೋ ಬ್ಯಾಳಿ. ನಾ ಭಾಳ ವಜ್ಜ ಇದ್ದೆ ಬಿಡು,” ಎಂದು ನಗಲು ನೋಡಿದ. “ಕುಂದ್ರು, ಛಾ ಕುಡದು ಹೋಗು.”

ನಾಗಮ್ಮ ಒಲೆ ಆರಿಸಿದಳು. “ಛಾ ಪುಡಿ ಇಲ್ರಿ,” ಎಂದಳು.

ಚಹಾಪುಡಿಯ ಡಬ್ಬಿ ಒಲೆಯ ಪಕ್ಕದಲ್ಲೇ ತೆರೆದಿತ್ತು, ಕಂಠಮಟ್ಟ ತುಂಬಿತ್ತು. ಹೊಸ ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು.

“ಹೌದವ್ವ,” ಅಂದು ವಾಡಿ ಬಸ್ಸಿಗೆ ನಡೆದೆ.